ಬಾಯಿಗೊಂದು, ಕಿವಿಗೊಂದು, ಕಣ್ಣಿಗೊಂದು

ಹೊಳಿಹಾಳದ ಎದುರಿಗೆ, ಕೃಷ್ಣೆಯ ನಟ್ಟನಡುವೆ, ನಾಲ್ಕೇ ನಾಲ್ಕು ಮನೆಯವರ ದನದ ಕೊಟ್ಟಿಗೆಗಳಿದ್ದ ಒಂದು ನಡುಗಡ್ಡೆ. ಸುರಪುರದ ಕಚೇರಿ ಕಾಗದದಲ್ಲಿ ಅದಕ್ಕೆ ಏನು ಹೆಸರಿತ್ತೋ ಏನೋ, ಊರವರ ಬಾಯಲ್ಲಿ ಮಾತ್ರ ಅದು ಬರೀ ‘ಗಡ್ಡಿ’. ಬೇಸಿಗೆಯಲ್ಲಿ ಕಲ್ಲು ದಾಟಿಕೊಂಡು, ಸೀರೆ ಮೊಣಕಾಲಿಗೆತ್ತಿ ನಡೆದೇ ಹೋಗಬಹುದು. ಆಷಾಢ ಬಂತೋ, ಮೇಲಿನ ಸೀಮೆಯ ಮಳೆನೀರು ಕೆಂಪಗೆ ಇಳಿದು ಬರುತ್ತದೆ. ಆಗ ಮೂರು ತಿಂಗಳು ಹರಿಗೋಲೂ ಆಚೆ ಮುಖ ಮಾಡುವುದಿಲ್ಲ.

ಅದಕ್ಕೇ ನಾಲ್ಕೂ ಮನೆಯವರು ಮಣ್ಣೆತ್ತಿನ ಅಮಾವಾಸ್ಯೆಗೆ ಗಡ್ಡಿಗೆ ದಿನಾ ಹೋಗಿಬರುವುದನ್ನು ನಿಲ್ಲಿಸಿ ಹೊಳಿಹಾಳದ ಮನೆ ಸೇರಿಬಿಡುತ್ತಿದ್ದರು. ದನಗಳು ಮಾತ್ರ ಅಲ್ಲೇ ಉಳಿಯುತ್ತಿದ್ದವು. ದಂಡೆಯಲ್ಲಿ ಅವಕ್ಕೆ ಮೇವೂ ಇಲ್ಲ, ಕಟ್ಟಲು ಜಾಗವೂ ಇಲ್ಲ. ಇಪ್ಪತ್ತೆರಡು ದನಗಳ ಜೊತೆಗೆ ಒಬ್ಬ ಮನುಷ್ಯ ಉಳಿಯಬೇಕು. ಒಂದು ವರ್ಷ ಒಂದು ಮನೆಯ ಪಾಳಿ, ಮರುವರ್ಷ ಇನ್ನೊಂದು ಮನೆಯದು.

ಹಾಗೆ ಒಂಟಿಯಾಗಿ ಉಳಿಯುವವರಿಗೆ ಒಂದು ಮರ್ಯಾದೆ ಇತ್ತು. ಹೊರಡುವ ದಿನ ದಂಡೆಯಲ್ಲಿ ಎಲ್ಲರೂ ಸೇರಿದಾಗ ಅಂಬಿಗ ಕೇಳುತ್ತಿದ್ದ: “ಬಾಯಿಗೇನು? ಕಿವಿಗೇನು? ಕಣ್ಣಿಗೇನು?” ಮೂರು ವಸ್ತು. ಕೇಳಿದ್ದನ್ನು ಯಾರೂ ಇಲ್ಲ ಅನ್ನುವಂತಿಲ್ಲ, ನಾಳೆ ಕೊಡುತ್ತೇನೆ ಅನ್ನುವಂತಿಲ್ಲ. ಬಾಯಿಗೆ ಬೆಲ್ಲವೋ ತಂಬಾಕೋ. ಕಣ್ಣಿಗೆ ಕನ್ನಡಿಯೋ, ಹೊಲಿಯಲು ಒಂದು ಕೌದಿಯೋ. ಕಿವಿಗೆ ಹಾಡು. ಹಾಡನ್ನು ಕೊಡುವುದೆಂದರೆ ಸುಮ್ಮನೆ ಅಲ್ಲ. ಕೊಡುವವರು ಎದುರಿಗೆ ನಿಂತು ಮೂರು ಸಲ ಹಾಡಬೇಕು. ಆಮೇಲೆ ಹೋದವರು ತಿರುಗಿ ಬಂದು ಆ ಹಾಡನ್ನು ಹಾಡಿ ಒಪ್ಪಿಸುವತನಕ ದಂಡೆಯಲ್ಲಿ ಯಾರೂ ಅದನ್ನು ಬಾಯಿಗೆ ತರಬಾರದು. ಒಂದೇ ಹಾಡು ಆಚೆಗೂ ಈಚೆಗೂ ಇದ್ದರೆ ಹೊಳೆ ಎರಡರ ನಡುವೆಯೇ ನಿಂತುಬಿಡುತ್ತದೆ, ಇಳಿಯುವುದಿಲ್ಲ ಅಂತ ನಂಬಿಕೆ. ಇದು ಖರೆಯೋ ಸುಳ್ಳೋ, ಪರೀಕ್ಷೆ ಮಾಡುವ ಧೈರ್ಯ ಯಾರಿಗಿತ್ತು?

ಮೌನಮ್ಮ ಮೊದಲ ಸಲ ಗಡ್ಡಿಗೆ ಹೋದದ್ದು ಜರ್ಮನಿಯವರ ಯುದ್ಧ ಶುರುವಾದ ವರ್ಷ. ಆಗ ಅವಳಿಗೆ ಮೂವತ್ತನಾಲ್ಕು. ಗಂಡ ಸತ್ತು, ಮಕ್ಕಳಿಲ್ಲದೆ, ತವರಿಗೆ ಬಂದು ಒಂದು ವರ್ಷವಾಗಿತ್ತು. ತಮ್ಮ ಹಂಪಣ್ಣನ ಪಾಳಿ; ಅವನಿಗೆ ಹೊಸದಾಗಿ ಮದುವೆಯಾಗಿತ್ತು. ಹೊಸ ಹೆಂಡತಿಯನ್ನು ಬಿಟ್ಟು ಯಾವ ಗಂಡಸು ದನ ಕಾಯಲು ಹೋಗುತ್ತಾನೆ? “ನಾ ಹೋಗತೀನಿ ಬಿಡು” ಅಂದಳು ಮೌನಮ್ಮ. ಯಾರೂ ಬೇಡ ಅನ್ನಲಿಲ್ಲ.

ಆ ವರ್ಷ ಅವಳು ಅತ್ತಷ್ಟು ಗಂಡ ಸತ್ತಾಗಲೂ ಅತ್ತಿರಲಿಲ್ಲ. ಆದರೆ ಮಹಾನವಮಿಗೆ ಹೊಳೆ ಇಳಿದು ದಂಡೆಗೆ ಬಂದಾಗ, ಹರಿಗೋಲಿನಿಂದ ಕಾಲಿಡುತ್ತಿದ್ದಂತೆ, ಹದಿನಾರು ವರ್ಷದ ನಾದಿನಿ, ಹಂಪಣ್ಣನ ಹೊಸ ಹೆಂಡತಿ ಕಲ್ಯಾಣಮ್ಮ, ಊರೆಲ್ಲ ಕೇಳುವಂತೆ ಅಂದಳು: “ಪಾಪ! ಹ್ಯಾಂಗ ಇದ್ರೋ ಏನೋ ಅಕ್ಕಾರ, ದಿಕ್ಕಿಲ್ಲದವ್ರಂಗ!” ಹುಡುಗಿ ಕರುಣೆಯಿಂದಲೇ ಅಂದಿದ್ದಳು. ಆದರೆ ಮೌನಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

“ಯಾಕವ್ವಾ ಪಾಪ? ರಾಣಿ ಹಂಗ ಇದ್ದೆ. ಬೇಕಾದಾಗ ಎದ್ದೆ, ಬೇಕಾದಾಗ ಹಾಡಿದೆ. ಎಮ್ಮಿ ಹಾಲಿನ ಚಹಾ, ಮ್ಯಾಲ ಬೆಲ್ಲ. ನಿಮ್ಮ ಗದ್ದಲ ಇಲ್ಲ, ಏನಿಲ್ಲ. ಆರಾಮ!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಮರುವರ್ಷ ಪಾಳಿ ಇದ್ದದ್ದು ಸೂಗಪ್ಪನ ಮನೆಯದು. ಸೂಗಪ್ಪ ಹಲ್ಲುಗಿಂಜುತ್ತ ಬಂದ. “ಮೌನಕ್ಕಗ ಅಲ್ಲಿ ಭಾಳ ಆರಾಮ ಅಂತಲ್ಲ ಹಂಪಣ್ಣ. ನಮ್ಮ ಪಾಳಿನೂ ಆಕೀನ ತಗೊಳ್ಳಿ. ನಿನ್ನ ಹೊಲಕ್ಕ ಬಿತ್ತಾಕ ನಾವು ಮನಿಮಂದಿ ಬರ್ತೀವಿ.” ಮೂರನೆಯ ವರ್ಷ ಇನ್ನೊಬ್ಬರು ಅದನ್ನೇ ಅಂದರು. ಹಂಪಣ್ಣನಿಗೆ ಕೂಲಿಯಿಲ್ಲದೆ ಬಿತ್ತನೆ, ಕೂಲಿಯಿಲ್ಲದೆ ಕಳೆ. ಮೌನಮ್ಮನಿಗೆ ಗಡ್ಡಿ. ಪಾಳಿ ಅನ್ನುವ ಮಾತೇ ಊರಿನ ಬಾಯಿಂದ ಹೋಯಿತು.

ಹೋಗಲೇಬೇಕಾದ ಮೇಲೆ, ಅವಳು ಆರಿಸುವುದನ್ನು ಕಲಿತಳು. ಇದೂ ಒಂದು ವಿದ್ಯೆ, ನಗಬೇಡಿ. ಎಲೆಅಡಿಕೆ ಒಯ್ದ ವರ್ಷ ಎಲೆ ಎಂಟು ದಿನಕ್ಕೆ ಕೊಳೆತು, ಬರೀ ಅಡಿಕೆ ಕಡಿದು ಹಲ್ಲು ನೋಯಿಸಿಕೊಂಡಳು. ಗುರೆಳ್ಳು ಪುಡಿಗೆ ಬೂಜು ಬಂತು. ಚಹಾಪುಡಿ ಮಾತ್ರ ನಂಬಿಗಸ್ತ. ಶಹಾಪುರದ ಸಂತೆಯಿಂದ ತಂದ ಒಂದು ಡಬ್ಬಿಯನ್ನು ದಿನಕ್ಕೆ ಎರಡು ಚಿಟಿಕೆಯಂತೆ ಹಾಕಿ, ಬಳಸಿದ ಪುಡಿಯನ್ನೇ ಒಣಗಿಸಿ ಮತ್ತೆ ಕುದಿಸಿ, ಮಹಾನವಮಿಯತನಕ ಎಳೆಯುತ್ತಿದ್ದಳು. ಕನ್ನಡಿ ಒಯ್ದದ್ದು ಒಂದೇ ವರ್ಷ. ಮಾತಾಡಲು ಯಾರೂ ಇಲ್ಲದ ಕಡೆ ತನ್ನ ಮುಖ ತಾನೇ ನೋಡಿಕೊಳ್ಳುವುದಕ್ಕಿಂತ ಕೆಟ್ಟದ್ದು ಯಾವುದೂ ಇಲ್ಲ ಅಂತ ಗೊತ್ತಾಗಿ, ಅದನ್ನು ಗೋಡೆಗೆ ಮುಖ ಮಾಡಿ ಇಟ್ಟಳು. ಮುಂದೆ ಕೌದಿ ಹೊಲಿದಳು. ಹೊಳಿಹಾಳದಲ್ಲಿ ಹೊದ್ದುಕೊಳ್ಳುವ ಕೌದಿಗಳಲ್ಲಿ ಅರ್ಧ ಅವಳವೇ.

ಹಾಡುಗಳ ವಿಷಯದಲ್ಲಿ ಅವಳು ಬಲು ಹಟಮಾರಿ. ಓಣಿಯ ಮಲಕಮ್ಮನ ಬೀಸುವ ಪದ ಒಯ್ದಳು; ಒಬ್ಬಳೇ ಬೀಸುವಾಗ ಕಲ್ಲು ಭಾರ, ಹಾಡು ಅದಕ್ಕಿಂತ ಭಾರ. ಏಕತಾರಿ ಅಜ್ಜನ ತತ್ವಪದ ಒಯ್ದ ವರ್ಷ, ದೇಹ ನೀರ ಮೇಲಿನ ಗುಳ್ಳೆ ಅಂತ ದಿನಾ ಹಾಡಿ ಹಾಡಿ ಸಿಟ್ಟು ಬಂತು. ಸುತ್ತ ನೀರು, ಅದರ ಮೇಲೆ ಗುಳ್ಳೆ, ಇದನ್ನು ಬೇರೆ ಹಾಡಿನಲ್ಲಿ ಕೇಳಬೇಕೇ? ಎಲ್ಲಕ್ಕಿಂತ ಅವಳ ಮನಸ್ಸಿಗೆ ಹಿಡಿದದ್ದು ಹತ್ತಿ ಹಿಂಜುವ ಮನೆಯ ಇಮಾಮಬೀ ಕೊಟ್ಟ ಒಂದು ಮೊಹರಂ ಪದ. ನೀರಡಿಸಿದವರ ಹಾಡು ಅದು, ಹೊಳೆಯ ನಡುವೆ ಕೂತು ಹಾಡಲು. ಇಮಾಮಬೀ ದಂಡೆಯ ಕಲ್ಲಿನ ಮೇಲೆ ನಿಂತು ಸೆರಗು ತಲೆಗೆಳೆದುಕೊಂಡು ಮೂರು ಸಲ ಹಾಡಿದಳು. “ಜ್ವಾಕಿ ಮೌನಕ್ಕ, ನಮ್ಮವ್ವನ ಹಾಡ ಇದು. ಹೊಳಿಯಾಗ ಒಗದ ಬಂದೀಯ ಮತ್ತ!” ಅಂದು ನಕ್ಕಳು.

ಅದು ನಿಜಾಮನ ರಾಜ್ಯ ಮುಗಿದ ವರ್ಷ. ಮುಗಿದದ್ದು ಮೌನಮ್ಮನಿಗೆ ಹೇಗೆ ಗೊತ್ತಾಗಬೇಕು? ಒಂದು ದಿನ ಮೇಲೆ ವಿಮಾನ ಹೋಯಿತು, ದನಗಳು ಹಗ್ಗ ಹರಿದುಕೊಂಡು ಓಡಿದವು, ಅಷ್ಟೇ ಅವಳು ಕಂಡ ಕ್ರಾಂತಿ. ದಂಡೆಗೆ ಬಂದಾಗ ಗೌಡರ ಮನೆಯ ಮೇಲೆ ಹೊಸ ಬಾವುಟ. “ನೀ ಹ್ವಾದಾಗ ಒಂದ ರಾಜ್ಯ, ಬಂದಾಗ ಒಂದ ರಾಜ್ಯ” ಅಂತ ಎಲ್ಲರೂ ನಕ್ಕರು. ಅವಳು ನಗುತ್ತಲೇ ಹಾಡು ಒಪ್ಪಿಸಲು ಇಮಾಮಬೀಯ ಮನೆಗೆ ಹೋದಳು. ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು. ಹೈದರಾಬಾದಿಗೆ ಹೋದರು ಅಂದರು ಕೆಲವರು. ಶಹಾಪುರದ ಕಡೆ ಅಂದರು ಕೆಲವರು. ಆ ತಿಂಗಳಲ್ಲಿ ಏನೇನಾಯಿತು ಅಂತ ಬಾಯಿಬಿಟ್ಟು ಹೇಳಿದವರು ಒಬ್ಬರೂ ಇಲ್ಲ. ಕೇಳಿದರೆ ಜೋಳದ ಬೆಳೆಯ ಮಾತೆತ್ತುತ್ತಿದ್ದರು. ಆ ಹಾಡು ಅವಳ ಹತ್ತಿರವೇ ಉಳಿಯಿತು. ಕೊಟ್ಟವಳಿಗೆ ಒಪ್ಪಿಸದೆ ದಂಡೆಯಲ್ಲಿ ಹಾಡುವಂತಿಲ್ಲ. ಬೇಸಿಗೆಯಲ್ಲಿ ಬೀಸುವಾಗ ಅದು ಎಷ್ಟೋ ಸಲ ಗಂಟಲಿಗೆ ಬಂದು ನಿಂತಿದೆ, ಅವಳು ನುಂಗಿಕೊಂಡಿದ್ದಾಳೆ.

ಹೊಸ ರಾಜ್ಯದಿಂದ ಅವಳಿಗಾದ ಒಂದು ಲಾಭವೆಂದರೆ ಅಕ್ಷರ. ಊರಿನ ಉರ್ದು ಶಾಲೆಯ ಮಾಸ್ತರರು ಮನ್ಸೂರಅಲಿ. ಇನ್ನು ಕನ್ನಡದಲ್ಲಿ ಕಲಿಸಬೇಕು ಅಂತ ಹುಕುಂ ಬಂತು. ಮನೆಯಲ್ಲಿ, ಓಣಿಯಲ್ಲಿ ಕನ್ನಡ ಆಡಿದವರೇ. ಬರೆಯಲು ಮಾತ್ರ ಒಂದಕ್ಷರ ಬಾರದು. ಪಾಪ, ನಲವತ್ತು ದಾಟಿದ ಮನುಷ್ಯ ಇವತ್ತು ಕಲಿತದ್ದನ್ನು ನಾಳೆ ಮಕ್ಕಳಿಗೆ ಕಲಿಸುತ್ತಿದ್ದರು. ಸಂಜೆ ದೊಡ್ಡವರ ಶಾಲೆ ಅಂತ ನಡೆಸಬೇಕಾಗಿ ಬಂದಾಗ ಮೌನಮ್ಮ ಹಿಂದಿನ ಸಾಲಿನಲ್ಲಿ ಕೂತಳು. “ನಾನೂ ನಿಮ್ಮಂಗ ಹೊಸಬ ಇದ್ದೀನ್ರೀ ಅಮ್ಮಾ, ತಪ್ಪಿದ್ರ ಇಬ್ರೂ ಕೂಡಿ ತಪ್ಪೋಣು” ಅಂದರು ಮಾಸ್ತರರು. ಮುಂದಿನ ಆಷಾಢದಲ್ಲಿ ಕಣ್ಣಿಗೇನು ಅಂದಾಗ ಅವಳು ಅವರ ಒಂದನೆಯ ಪುಸ್ತಕ ಕೇಳಿದಳು. ಇದ್ದದ್ದು ಅದೊಂದೇ ಪ್ರತಿ. ಮಾಸ್ತರರ ಮುಖ ಸಣ್ಣದಾಯಿತು, ಆದರೂ ಕೊಟ್ಟರು. ಇಲ್ಲ ಅನ್ನುವಂತಿಲ್ಲವಲ್ಲ.

ಆಮೇಲೆ ಸಿಕ್ಕಿದ್ದು ಮಠದ ಅಟ್ಟದ ಒಂದು ಹರಕು ಪುರಾಣ. ಮುಂದಿನ ಎಂಟು ಹಾಳೆ ಇಲ್ಲ, ಕಡೆಯ ಹಾಳೆಗಳೂ ಇಲ್ಲ. ರಾಜ ಒಬ್ಬ ಕಾಡಿಗೆ ಹೋಗುತ್ತಾನೆ. ಯಾಕೆ ಹೋದ ಗೊತ್ತಿಲ್ಲ, ತಿರುಗಿ ಬಂದನೋ ಇಲ್ಲವೋ ಅದೂ ಗೊತ್ತಿಲ್ಲ. ನಾಲ್ಕು ಮಳೆಗಾಲ ಅದನ್ನೇ ಓದಿದಳು. ಮೊದಲ ವರ್ಷ ರಾಜನಿಗಾಗಿ ಮರುಗಿದಳು. ಎರಡನೆಯ ವರ್ಷ ಅವನನ್ನು ತಿರುಗಿ ಅರಮನೆಗೆ ಕರೆತಂದು ಪಟ್ಟ ಕಟ್ಟಿದಳು. ನಾಲ್ಕನೆಯ ವರ್ಷದ ಹೊತ್ತಿಗೆ ಆ ರಾಜ, ಬಂದು ಕೂತು ಎದ್ದು ಹೋಗದ ಬೀಗನ ಹಾಗೆ ತಲೆಚಿಟ್ಟು ಹಿಡಿಸಿದ. “ಸಾಯಿ ಅತ್ಲಾಗ” ಅಂತ ಬೈದು ಪುಸ್ತಕ ಮುಚ್ಚಿದಳು.

ಅದೇ ವರ್ಷ ಅವಳಿಗೆ ಜ್ವರ ಬಂತು. ಹನ್ನೊಂದು ದಿನ. ಕೊಡ ನಾಲ್ಕು ಮಾರು ದೂರದಲ್ಲಿತ್ತು, ಎದ್ದು ಹೋಗಿ ನೀರು ಕುಡಿಯಲು ಆಗುತ್ತಿರಲಿಲ್ಲ. ಕೆಚ್ಚಲು ಬಿಗಿದ ಎಮ್ಮೆಗಳು ಹಗಲೆಲ್ಲ ಒದರುತ್ತಿದ್ದವು. ತೆವಳಿಕೊಂಡು ಹೋಗಿ ಕರುಗಳನ್ನು ಬಿಟ್ಟು, ಹಾಗೆಯೇ ಸಗಣಿಯಲ್ಲಿ ಮಲಗಿದಳು. ಆಗ ಅವಳಿಗೆ ಚಹಾ ಬೇಕೆನ್ನಿಸಲಿಲ್ಲ, ಹಾಡು ಬೇಕೆನ್ನಿಸಲಿಲ್ಲ. ಯಾರಾದರೂ ಬಂದು ಹಣೆ ಮುಟ್ಟಿ “ಸುಡಾಕತ್ತದಲ್ಲ” ಅಂದರೆ ಸಾಕಿತ್ತು. ಎರಡು ತಿಂಗಳ ನಂತರ ದಂಡೆಗೆ ಬಂದಾಗ ಹಂಪಣ್ಣ ಕೇಳಿದ, “ಆರಾಮಕ್ಕಾ?” “ಆರಾಮೋ” ಅಂದಳು. ಹದಿನೇಳು ವರ್ಷದ ರೂಢಿ, ಬಾಯಿ ತಾನಾಗಿ ಅಂದುಬಿಟ್ಟಿತು. ಆ ದಿನ ಮನೆಗೆ ನಡೆಯುವಾಗ ಅವಳು ನಿಶ್ಚಯ ಮಾಡಿದಳು: ಇನ್ನು ಸಾಕು. ಮುಂದಿನ ವರ್ಷ ಹೋಗುವುದಿಲ್ಲ.

ನಿಶ್ಚಯ ಮಾಡುವುದು ಸುಲಭ. ಹೇಳುವುದು ಹೇಗೆ?

ಮರುವರ್ಷ ಕಾರಹುಣ್ಣಿಮೆ ಮುಗಿಯಿತು. ಹಂಪಣ್ಣ ಈಗ ಪಂಚರಲ್ಲಿ ಒಬ್ಬ. ಮೈಮೇಲೆ ಕೋಟು, ಬಾಯಲ್ಲಿ ಸುರಪುರದ ಸುದ್ದಿ. “ಇನ್ನ ನಾಕೈದು ತಿಂಗಳಿಗೆ ನಾವು ಮೈಸೂರವರ ಕೂಡ ಕೂಡತೀವಿ. ಹೈದರಾಬಾದ ಮುಗೀತು” ಅನ್ನುತ್ತಿದ್ದ. ಊಟಕ್ಕೆ ಕೂತಾಗ ಮೌನಮ್ಮ ಮೊಣಕಾಲು ತಿಕ್ಕಿಕೊಳ್ಳುತ್ತ ಅಂದಳು, “ಈ ಕಾಲು ಈ ವರ್ಷ ಭಾಳ ಕಾಡಾಕತ್ಯಾವೋ ತಮ್ಮಾ.”

“ಎಣ್ಣಿ ತರ್ಸತೀನಿ. ಬಾಯಿಗೆ ಬ್ಯಾರೆ ಏನರ ಕೇಳು, ಎಣ್ಣಿ ಲೆಕ್ಕಕ್ಕಿಲ್ಲ” ಅಂದ ಹಂಪಣ್ಣ, ದೊಡ್ಡ ಮನಸ್ಸಿನಿಂದ.

ಎರಡು ದಿನ ಬಿಟ್ಟು ಮತ್ತೆ ಅಂದಳು, “ಈ ವರ್ಷ ಬ್ಯಾರೆ ಯಾರರ ಹೋಗಲಿ ಬಿಡ್ರಿ.” ಕಲ್ಯಾಣಮ್ಮ ರೊಟ್ಟಿ ಬಡಿಯುತ್ತಿದ್ದವಳು ನಕ್ಕುಬಿಟ್ಟಳು. “ತಮಾಷಿ ಮಾಡಬ್ಯಾಡ್ರಿ ಅಕ್ಕಾರ. ಇಲ್ಲಿ ಎರಡ ದಿನ ಜಾಸ್ತಿ ಇದ್ರ ನಿಮಗ ಗಡ್ಡಿ ನೆನಪಾಗತದ.” ಮೌನಮ್ಮನೂ ನಕ್ಕಳು. ತಾನೇ ಹದಿನೇಳು ವರ್ಷ ಹೊಲಿದ ಚೀಲ. ಒಳಗೆ ತಾನೇ ಸಿಕ್ಕಿಬಿದ್ದಿದ್ದಾಳೆ, ಯಾರನ್ನು ಬೈಯಬೇಕು?

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ನಾಲ್ಕೂ ಮನೆಯವರು ದಂಡೆಗೆ ಸೇರಿದರು. ನೀರು ಆಗಲೇ ಕೆಂಪಾಗಿತ್ತು. ಆಚೆಯಿಂದ ದನಗಳ ಕೂಗು ಕೇಳುತ್ತಿತ್ತು. ಮನ್ಸೂರಅಲಿ ಮಾಸ್ತರರು ಒಂದು ಹೊಸ ಪುಸ್ತಕ ಕಂಕುಳಲ್ಲಿ ಹಿಡಿದು ಬಂದಿದ್ದರು, ಕೇಳುತ್ತಾಳೆ ಅಂತ. ಮೌನಮ್ಮ ಹರಿಗೋಲಿನಲ್ಲಿ ಕೂತಳು, ಮಡಿಲಲ್ಲಿ ಗಂಟು. ಅಂಬಿಗ ಭಾಗಣ್ಣ ಹುಟ್ಟು ನೆಟ್ಟು ಕೇಳಿದ:

“ಬಾಯಿಗೇನು?”

“ಏನೂ ಬ್ಯಾಡ.”

ಜನ ಒಬ್ಬರ ಮುಖ ಒಬ್ಬರು ನೋಡಿದರು. “ಕಣ್ಣಿಗೇನು?”

“ಬ್ಯಾಡ.” ಮಾಸ್ತರರು ಪುಸ್ತಕವನ್ನು ಇನ್ನೊಂದು ಕಂಕುಳಿಗೆ ಬದಲಿಸಿದರು.

“ಕಿವಿಗೇನು?”

“ನಮ್ಮ ಹಂಪಣ್ಣನ ಬಾಯಿಂದ ಒಂದ ಮಾತು. ‘ಹೋಗಬ್ಯಾಡಕ್ಕ’ ಅನ್ನಬೇಕು.”

ಇದನ್ನು ಅವಳು ಹಟಕ್ಕೆ ಕೇಳಿದವಳಲ್ಲ. ಹೋಗುವುದಿಲ್ಲ ಅನ್ನುವ ಧೈರ್ಯ ಕಡೆಗೂ ಬಂದಿರಲಿಲ್ಲ. ಹೋಗಲೇಬೇಕಾದರೆ, ಇಷ್ಟು ವರ್ಷದಲ್ಲಿ ಯಾರೂ ಅನ್ನದ ಆ ಒಂದು ಮಾತನ್ನಾದರೂ ಕಿವಿಯಲ್ಲಿಟ್ಟುಕೊಂಡು ಹೋಗೋಣ, ಜ್ವರ ಬಂದರೆ ಅದನ್ನು ಕೇಳಿಸಿಕೊಂಡು ಮಲಗೋಣ ಅಂತ ಅಷ್ಟೇ ಅವಳ ಎಣಿಕೆ.

ಹಂಪಣ್ಣ ಗಟ್ಟಿಯಾಗಿ ನಕ್ಕ. “ಏ, ಏನ ಹುಚ್ಚಿ ಇದ್ದಿ ನೀ! ಆತು, ಹೋಗಬ್ಯಾಡಕ್ಕ. ಸಾಕೇನು?”

“ಕಿವಿಗೆ ಕೊಡೋದು ಮೂರ ಸಲ” ಅಂದ ಭಾಗಣ್ಣ. ಹುಟ್ಟು ಅಲುಗಿಸಲಿಲ್ಲ.

ಹಂಪಣ್ಣ ಕೋಟಿನ ಗುಂಡಿ ಮುಟ್ಟಿ ನೋಡಿಕೊಂಡ. ಜನರೆಲ್ಲ ನೋಡುತ್ತಿದ್ದರು. “ಹೋಗಬ್ಯಾಡಕ್ಕ” ಅಂದ, ನೆಲ ನೋಡುತ್ತ, ಅವಸರದಿಂದ.

ಮೂರನೆಯ ಸಲ ಅನ್ನಲು ತಲೆಯೆತ್ತಿದ. ಎದುರಿಗೆ ಅಕ್ಕ. ಕೂದಲು ಪೂರಾ ಬೆಳ್ಳಗಾಗಿತ್ತು. ಯಾವಾಗ ಆಯಿತೋ ಅವನಿಗೆ ಗೊತ್ತಿಲ್ಲ. ಒಂದು ಮೊಣಕಾಲು ಇನ್ನೊಂದರ ಒಂದೂವರೆ ಪಟ್ಟು ಊದಿತ್ತು. ಅವನು ಬಾಯಿ ತೆರೆದ. “ಹೋಗಬ್ಯಾಡ... ಅಕ್ಕಾ” ಅಂದಾಗ ದನಿ ಒಡೆದಿತ್ತು. ಸೂಗಪ್ಪ ನೀರಿನ ಕಡೆ ಮುಖ ತಿರುಗಿಸಿದ.

ಒಯ್ಯಲು ಕೇಳಿದ್ದ ಮಾತು ಒಯ್ಯುವಂಥದ್ದಲ್ಲ ಅಂತ ಮೌನಮ್ಮನಿಗೆ ಆಗ ತಿಳಿಯಿತು. ಗಂಟನ್ನು ದಂಡೆಯ ಮೇಲೆ ಇಟ್ಟಳು. ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು.

“ಇಂಥ ಮಾತ ಕೇಳಿ ಯಾರರ ಹೋಗತಾರೇನೋ ಹಂಪಾ?” ಅಂದಳು. “ನಾ ಒಲ್ಲೆ.”

ಆಚೆ ದನಗಳು ಒದರುತ್ತಿದ್ದವು. ನೀರು ಏರುತ್ತಿತ್ತು, ಮಧ್ಯಾಹ್ನದೊಳಗೆ ಹರಿಗೋಲು ದಾಟುವುದೂ ಕಷ್ಟ. ಒಬ್ಬರು ಹೋಗಲೇಬೇಕು. ಹಂಪಣ್ಣ ಸೂಗಪ್ಪನನ್ನು ನೋಡಿದ, ಸೂಗಪ್ಪ ನೀರನ್ನೇ ನೋಡಿದ. ಕಡೆಗೆ ಹಂಪಣ್ಣ ಕೋಟು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು ಹರಿಗೋಲು ಹತ್ತಿದ.

ಭಾಗಣ್ಣ ಕೇಳಿದ, “ಬಾಯಿಗೇನು?”

ಪಂಚರಲ್ಲೊಬ್ಬನಾದ ಹಂಪಣ್ಣನಿಗೆ ಏನೂ ಹೊಳೆಯಲಿಲ್ಲ. ಅಕ್ಕನ ಕಡೆ ತಿರುಗಿದ. “ಏನ ಒಯ್ಯಲಿ ಅಕ್ಕಾ? ನಿನಗ ಎಲ್ಲಾ ಗೊತ್ತದಲ್ಲ.”

“ಏನರ ಒಯ್ಯಿ. ಕಟ್ಟಿಕೊಟ್ಟ ಬುತ್ತಿ ಎಷ್ಟ ದಿನ ಬರ್ತದ? ಎಂಟ ದಿನಕ್ಕ ಬೆಲ್ಲ ಸಿಹಿ ಇರಂಗಿಲ್ಲ. ಹಾಡಿದ್ರ ಕೇಳವ್ರಿಲ್ಲ. ಓದಿದ್ರ ಹೇಳಾಕ ಯಾರಿಲ್ಲ.”

“ಮತ್ತ ಇಷ್ಟ ವರ್ಷ ಆರಾಮ ಅಂತಿದ್ದಿ?”

“ಅಂತಿದ್ದೆ. ನೀವು ಒಂದ ಸಲ ಕೇಳಿ ಬಿಡತಿದ್ರಿ. ಎರಡನೇ ಸಲ ಯಾರು ಕೇಳೀರಿ?”

ಹಂಪಣ್ಣ ಏನೂ ಕೇಳದೆಯೇ ಹೋದ. ಮಾಸ್ತರರು ತಡೆಯಲಾರದೆ ಪುಸ್ತಕವನ್ನು ಹರಿಗೋಲಿಗೆ ಎಸೆದರು. ಅವನು ಅದನ್ನು ಎದೆಗೆ ಅವಚಿಕೊಂಡ. ಮೌನಮ್ಮ ಅವನು ಆಚೆ ಇಳಿಯುವತನಕ ನಿಂತಿದ್ದಳು, ತಮ್ಮನಲ್ಲವೇ. ಆದರೆ ತಿರುಗಿ ಕರೆಯಲಿಲ್ಲ.

ಮನೆಗೆ ಬಂದು, ಒಂದಿಷ್ಟು ಅಡ್ಡಾಗಬೇಕೆಂದು ಒಳಗೆ ಹೋದಳು. ವರ್ಷದ ಒಂಬತ್ತು ತಿಂಗಳು ಅವಳು ಮಲಗುತ್ತಿದ್ದ ಮೂಲೆಯಲ್ಲಿ ಸಗಣಿಯ ಕುಳ್ಳು ಒಟ್ಟಿತ್ತು, ನೆಲದಿಂದ ತೊಲೆಯತನಕ. ಮಳೆಗಾಲದ ಉರುವಲು. ಬೆಳಿಗ್ಗೆ ಅವಳು ದಂಡೆಗೆ ನಡೆದ ಬೆನ್ನಿಗೇ ಆಳುಗಳಿಂದ ಒಟ್ಟಿಸಿದ್ದರು. ಪ್ರತಿವರ್ಷವೂ ಹಾಗೆಯೇ ಒಟ್ಟುತ್ತಿದ್ದರು ಅಂತ ಕಾಣುತ್ತದೆ. ಹದಿನೇಳು ವರ್ಷ ಅವಳು ಮನೆಯಲ್ಲಿ ಮಳೆಗಾಲ ಕಂಡವಳಲ್ಲ, ಹೇಗೆ ಗೊತ್ತಾಗಬೇಕು?

ಹಿಂದೆಯೇ ಬಂದ ಕಲ್ಯಾಣಮ್ಮ ಬಾಗಿಲಲ್ಲಿ ನಿಂತುಬಿಟ್ಟಳು. ಕೈಯಲ್ಲಿ ಇನ್ನೂ ಗಂಡನ ಕೋಟು. “ಅಕ್ಕಾರ, ಇದು... ಈಗ ತಗೀತೀನ್ರಿ” ಅಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲಿನಿಂದ ಒಂದೊಂದೇ ಕುಳ್ಳು ಇಳಿಸತೊಡಗಿದಳು. ಅಳುತ್ತಲೂ ಇದ್ದಳು.

ಬೇರೆ ದಿನವಾಗಿದ್ದರೆ ಮೌನಮ್ಮ, ಬಿಡವ್ವ, ನಾ ಎಲ್ಲರ ಮಲಗತೀನಿ ಅನ್ನುತ್ತಿದ್ದಳು. ಇಲ್ಲ, ತಾನೂ ಕೈ ಹಚ್ಚುತ್ತಿದ್ದಳು. ಇವತ್ತು ಅವಳು ಗೋಡೆಗೆ ಒರಗಿ, ಕಾಲು ಚಾಚಿ ಕೂತಳು. ಮೂಲೆ ಖಾಲಿಯಾಗುವತನಕ ಕೂತೇ ಇದ್ದಳು.